ಗುಡ್ಡಕ್ಕೆ ಮುಖ ಮಾಡಿದ ಹಾರ್ನ್

ಶನಿವಾರ ಬೆಳಗ್ಗೆ ಆರೂವರೆಗೆ ಕಪಾಟು ಒರೆಸುವುದು ನನ್ನ ಕ್ರಮ. ಕಳೆದ ವಾರ ಮೇಲಿನ ಅರೆಯಲ್ಲಿದ್ದ ಹಳೆಯ ರೇಡಿಯೊ ಕೆಲಸ ಮಾಡುತ್ತದೆಯೋ ನೋಡೋಣ ಎಂದು ಪ್ಲಗ್ ಹಾಕಿದೆ. ಸದ್ದೇನೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನ ಧೂಳು ಬಿಸಿಯಾಗಿ ವಾಸನೆ ಬಂತು... ಸೀದ ವಾಸನೆಯೂ ಅಲ್ಲ, ಕೆಟ್ಟ ವಾಸನೆಯೂ ಅಲ್ಲ. ಮೈಕ್‌ಸೆಟ್‌ನವರ ಆಂಪ್ಲಿಫೈಯರ್ ಹತ್ತು ನಿಮಿಷ ಓಡಿದ ಮೇಲೆ ಹೀಗೇ ವಾಸನೆ ಬೀರುತ್ತಿತ್ತು. ಬಟ್ಟೆ ಕೆಳಗಿಟ್ಟು ಕೂತೆ. ಉಳಿದ ಎರಡು ಅರೆ ಆ ದಿನ ಒರೆಸಲಿಲ್ಲ.

ತಮಿಳು ಸೀಮೆಯಲ್ಲಿ, ತೊಪ್ಪೂರು ಗುಡ್ಡದ ಕೆಳಗೆ, ಮೇಚೇರಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟೆ. ಪುಸ್ತಕ ತಮಿಳು, ಮನೆಮಾತು ಕನ್ನಡ. ಕನ್ನಡ ಅಕ್ಷರ ಕಲಿತದ್ದು ತಂದೆಯ ಪಕ್ಕ ಕೂತು. ಶಾಲೆಯಿಂದ ಕೂಗಳತೆಯಲ್ಲಿ ಮೈಕ್‌ಸೆಟ್‌ನವರ ಒಂದು ಕೋಣೆಯ ಅಂಗಡಿ ಇತ್ತು. ಮದುವೆಯಿರಲಿ, ಮಗುವಿಗೆ ಕಿವಿ ಚುಚ್ಚುವುದಿರಲಿ, ಸಾವಿರಲಿ, ಎರಡು ಹಾರ್ನ್ ಸ್ಪೀಕರ್ ತಂದು ಕಟ್ಟುತ್ತಿದ್ದವರು ಅವರೇ. ನಾವಿಬ್ಬರೂ ಹಳೆಯ ವೈರಿಗಳು. ವಾರ್ಷಿಕ ಪರೀಕ್ಷೆಯ ದಿನವೇ ಸೆಟ್ ರಿಪೇರಿ ಮಾಡಿ, ಹಾಡು ಹಾಕಿ ನೋಡುತ್ತಿದ್ದರು. ಎರಡು ಸಲ ಹೇಳಿ ಕಳಿಸಿದೆ. ಮೂರನೆಯ ಸಲ ಠಾಣೆಗೆ ಅರ್ಜಿ ಕೊಟ್ಟೆ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ವಿಷಯದ ಪರೀಕ್ಷೆ, ಎಲ್ಲವನ್ನೂ ಗೆರೆ ಎಳೆದು ಬರೆದಿದ್ದೆ. ಅವರನ್ನು ಕರೆಸಿ ಎಚ್ಚರಿಕೆ ಕೊಟ್ಟರು. ಆಮೇಲೆ ನಾನು ಟೀ ಅಂಗಡಿಯ ಮುಂದೆ ಹೋದಾಗಲೆಲ್ಲ, ಕೂತವರಿಗೆ ಮೆಲ್ಲಗೆ ಹೇಳುತ್ತಿದ್ದರು: "ಟೀಚರ್ ಬರ್ತಾರೆ. ಯಾರೂ ಕೆಮ್ಮಬೇಡ್ರಲಾ."

ಕಾಯಿಲೆಗೆ ಹೆದರಿ ಶಾಲೆಗಳನ್ನು ಮುಚ್ಚಿದ ವರ್ಷ ಪಾಠವನ್ನು ಫೋನಿನಲ್ಲಿ ಮಾಡಿ ಎಂದರು. ಮಾಡಿದೆ. ನಾನು ಯಂತ್ರಗಳ ಶತ್ರುವಲ್ಲ. ಆದರೆ ನನ್ನ ಎಂಟನೇ ತರಗತಿಯ ಹನ್ನೊಂದು ಮಕ್ಕಳು ಮೇಲಿನ ಹಟ್ಟಿಯವರು, ಕುರಿ ಸಾಕುವ ಮನೆಗಳವರು. ಅವರಲ್ಲಿ ಪಾಠ ಕಾಣುವಂಥ ಫೋನ್ ಇರಲಿಲ್ಲ, ಇದ್ದಿದ್ದರೂ ಗುಡ್ಡದ ಮರೆಯಲ್ಲಿ ಸಿಗ್ನಲ್ ಇರಲಿಲ್ಲ. ನಮ್ಮ ಕಡೆ ಒಂದು ಲೆಕ್ಕ ಉಂಟು: ಮಗು ಒಂದು ವಾರ ಶಾಲೆ ಬಿಟ್ಟರೆ ಕುರಿಯ ಹಿಂದೆ, ಒಂದು ವರ್ಷ ಬಿಟ್ಟರೆ ನೂಲಿನ ಮಿಲ್ಲಿಗೆ. ಆ ಹನ್ನೊಂದರಲ್ಲಿ ಒಬ್ಬ ಹುಡುಗಿ ಭಿನ್ನರಾಶಿಯನ್ನು ನನಗಿಂತ ಬೇಗ ಮಾಡುತ್ತಿದ್ದಳು. ಮಿಲ್ಲಿನ ವ್ಯಾನು ಅವಳ ಅಕ್ಕನನ್ನು ಆಗಲೇ ಕರೆದುಕೊಂಡು ಹೋಗಿತ್ತು.

ಒಂದು ಬೆಳಗ್ಗೆ ಎಂಟಕ್ಕೆ ಮೈಕ್‌ಸೆಟ್‌ನವರ ಅಂಗಡಿಯ ಮುಂದೆ ನಿಂತೆ. ಮದುವೆ ಮೆರವಣಿಗೆ ಒಂದೂ ಇಲ್ಲದೆ ಹಾರ್ನ್‌ಗಳಲ್ಲಿ ಜೇಡ ಬಲೆ ಕಟ್ಟಿತ್ತು. ಹಟ್ಟಿಯ ಮಕ್ಕಳಿಗೆ ಹಾರ್ನಿನಲ್ಲಿ ಪಾಠ ಹೇಳಬೇಕು ಎಂದೆ. ಅವರು ನನ್ನ ಕೈಯನ್ನೇ ನೋಡಿದರು.

"ಅರ್ಜಿ ಬರ್ದ ಕೈಲೇ ಮೈಕ್ ಇಡೀತೀರಾ?"

ಹೌದು ಎಂದೆ.

"ಸರಿ, ನಾಳೆ ಅತ್ತು ಗಂಟೆಗೆ ಬರ್ರಿ. ಮುಂಚೆ ಬಂದು ಬೈಬೇಡಿ."

ಮಾರನೆಯ ದಿನ ನೀರಿನ ಟ್ಯಾಂಕಿನ ಮೇಲೆ ಎರಡು ಹಾರ್ನ್‌ಗಳನ್ನೂ ಹಟ್ಟಿಯ ಕಡೆಗೆ ತಿರುಗಿಸಿ ಕಟ್ಟಿದ್ದರು. ನಾನು ತರಗತಿಯಲ್ಲಿ ಹೇಳುವ ವೇಗದಲ್ಲೇ ಶುರು ಮಾಡಿದೆ. ಐದು ನಿಮಿಷಕ್ಕೆ ಅವರು ಗುಂಡಿ ಒತ್ತಿ ನನ್ನ ಬಾಯಿ ಮುಚ್ಚಿಸಿದರು. ನಾನು ಒಂದು ಸಾಲು ಹೇಳಿದರೆ ಗುಡ್ಡ ಅದನ್ನೇ ತಿರುಗಿ ಹೇಳುತ್ತಿತ್ತು, ಅಷ್ಟರಲ್ಲಿ ನಾನು ಮುಂದಿನ ಸಾಲಿನಲ್ಲಿರುತ್ತಿದ್ದೆ. ಮಕ್ಕಳಿಗೆ ಎರಡೂ ಕಲಸಿಹೋಗುತ್ತಿದ್ದವು.

"ಗುಡ್ಡ ಏಳಿ ಮುಗಿಸ್ಲಿ ಟೀಚರ್. ಅದೂ ನಿಮ್ಮ ಕ್ಲಾಸಾಗೇ ಐತೆ. ಅಲ್ಲೀಗಂಟ ಸುಮ್ಮನಿರ್ರಿ."

ಮೂವತ್ತು ವರ್ಷ ಪಾಠ ಮಾಡಿದವಳಿಗೆ ಸುಮ್ಮನಿರುವುದನ್ನು ಯಾರೂ ಕಲಿಸಿರಲಿಲ್ಲ. ಒಂದು ಸಾಲು, ಆಮೇಲೆ ಐದು ಎಣಿಸುವಷ್ಟು ಮೌನ. ಆ ಮೌನದಲ್ಲೇ ಮಕ್ಕಳು ಬರೆದುಕೊಳ್ಳುತ್ತಿದ್ದರು. ಪುಸ್ತಕದ ತಮಿಳು ಬಿಟ್ಟು ನಾನು ಯಾವಾಗ ಮನೆಯ ಕನ್ನಡಕ್ಕೆ ಇಳಿದೆನೋ ನನಗೇ ತಿಳಿಯಲಿಲ್ಲ. ಸಂಜೆ ಹಾಲು ಹಾಕಲು ಬರುವವರು ಕ್ಯಾನಿನ ಜೊತೆ ನೋಟ್‌ಬುಕ್ಕುಗಳನ್ನೂ ತರುತ್ತಿದ್ದರು. ಆ ಹುಡುಗಿ ಒಂದು ಹಾಳೆಯ ಅಂಚಿನಲ್ಲಿ ಬರೆದಿದ್ದಳು, ಕುರಿ ಕಾಯುತ್ತಾ ಬರೆದದ್ದರಿಂದ ಗೆರೆ ಸೊಟ್ಟವಾಗಿದೆ, ಈಗ ತನ್ನ ಅಜ್ಜಿಗೂ ಭಿನ್ನರಾಶಿ ಬರುತ್ತದೆ, ಆದರೆ ಅಜ್ಜಿ ಭಾಗಾಕಾರದಲ್ಲಿ ಜಗಳ ತೆಗೆಯುತ್ತಾರೆ ಎಂದು.

ಮೂರು ವಾರ ಹೀಗೆ ನಡೆಯಿತು. ಯಾರೋ ಶಬ್ದದ ಬಗ್ಗೆ ದೂರು ಕೊಟ್ಟರು. ಠಾಣೆಯಿಂದ ಒಬ್ಬ ಪೊಲೀಸ್ ಬಂದು ಪರ್ಮಿಷನ್ ಎಲ್ಲಿ ಎಂದರು. ಇರಲಿಲ್ಲ. ಅಷ್ಟಾದರೆ ಎಚ್ಚರಿಕೆ ಹೇಳಿ ಹೋಗುತ್ತಿದ್ದರೇನೋ. ಆದರೆ ಈ ಮನುಷ್ಯನ ಮೇಲೆ ಹಳೆಯ ಅರ್ಜಿಯೊಂದು ಫೈಲಿನಲ್ಲಿ ಉಂಟು, ಮತ್ತೆ ಅದೇ ತಪ್ಪು ಮಾಡಿದ್ದಾನೆ, ಸೆಟ್ ವಶಕ್ಕೆ ತೆಗೆದುಕೊಳ್ಳಲೇಬೇಕು ಎಂದು ಕಾಗದ ತೋರಿಸಿದರು. ಗೆರೆ ಎಳೆದ ನನ್ನ ಅಕ್ಷರ.

"ನೀಂಗ ಎಳುದುನದುದಾನೇ, ಟೀಚರ್?" ನೀವೇ ಬರೆದದ್ದಲ್ಲವೇ ಎಂದು ಕೇಳಿದರು, ಮರ್ಯಾದೆಯಿಂದಲೇ.

ನಾನು ಬರೆದದ್ದೇ. ನಾನು ಮೈಕ್‌ಸೆಟ್‌ನವರ ಮುಖ ನೋಡಲಿಲ್ಲ. ಅವರು ವೈರ್ ಸುತ್ತಿ, ಆಂಪ್ಲಿಫೈಯರನ್ನು ತಾವೇ ಜೀಪಿನಲ್ಲಿಟ್ಟು, ಅಲುಗಾಡದಂತೆ ಗೋಣಿಚೀಲ ಕೊಟ್ಟು ಕಳಿಸಿದರು. ಅವರಿಗಿದ್ದ ಒಂದೇ ಸೆಟ್ಟು ಅದು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ಯಾವ ಲೆಕ್ಕ ಬಾಕಿ ಐತೆ?" ಎಂದರು.

ಅಂದು ಮಧ್ಯಾಹ್ನ ಮೀನು ಮಾರುವವರಿಂದ ಬ್ಯಾಟರಿಯ ಕೈಹಾರ್ನ್ ಒಂದನ್ನು ಕೇಳಿ ತಂದರು. ಮೊಪೆಡ್ ಮುಂದೆ ಅವರು, ಹಿಂದೆ ನಾನು, ಮಡಿಲಲ್ಲಿ ಪುಸ್ತಕ. ಹಟ್ಟಿಯ ಒಂದೊಂದು ತಿರುವಿನಲ್ಲೂ ನಿಲ್ಲಿಸಿ ಒಂದೊಂದು ಲೆಕ್ಕ ಹೇಳಿದೆ. ಮೊದಲ ದಿನ ಹೆಂಗಸರು ಮೀನು ಬಂತೆಂದು ಪಾತ್ರೆ ಹಿಡಿದು ಹೊರಗೆ ಬಂದರು. ಇಡೀ ಊರು ನೋಡಿ ನಕ್ಕಿತು. ನಗಲಿ. ಒಂಬತ್ತು ದಿನ ಹಾಗೇ ಸುತ್ತಿದೆವು. ಒಂಬತ್ತು ದಿನವೂ ಬೆಳಗ್ಗೆ ಎಂಟಕ್ಕೆ ನಾನು ಠಾಣೆಯ ಬೆಂಚಿನ ಮೇಲೆ ಇದ್ದೆ. ನನ್ನ ಅರ್ಜಿಯನ್ನು ನಾನೇ ಹಿಂದಕ್ಕೆ ಪಡೆಯುತ್ತೇನೆ, ಈ ಹಾರ್ನ್ ನನ್ನ ತರಗತಿ, ಇದಕ್ಕೆ ಜವಾಬ್ದಾರಿ ನಾನು ಎಂದು ಬರೆದುಕೊಟ್ಟೆ. ಇಲಾಖೆಯಿಂದ ಅನುಮತಿ ತನ್ನಿ ಎಂದಾಗ, ಫೋನ್ ಇಲ್ಲದ ಮಕ್ಕಳಿಗೆ ಪಾಠ ಮಾಡದೇ ಇರಲು ಯಾರ ಅನುಮತಿ ಪಡೆದಿದ್ದೀರಿ ಎಂದು ಕೇಳಿದೆ. ಹತ್ತನೆಯ ದಿನ ಸೆಟ್ ಕೊಟ್ಟರು.

ತಿಂಗಳ ವರದಿಯಲ್ಲಿ ಪಾಠಕ್ಕೆ ಬಳಸಿದ ತಂತ್ರಜ್ಞಾನ ಯಾವುದು ಎಂಬ ಕಾಲಂ ಇತ್ತು. ಗುಡ್ಡಕ್ಕೆ ಮುಖ ಮಾಡಿದ ಎರಡು ಹಾರ್ನ್ ಎಂದು ಬರೆದೆ. ವಾಪಸ್ ಬಂತು. ಮತ್ತೆ ಅದನ್ನೇ ಬರೆದು ಕಳಿಸಿದೆ, ಮತ್ತೆ ವಾಪಸ್ ಬಂತು. ಮೂರನೆಯ ಸಲ ವಾಪಸ್ ಬರಲಿಲ್ಲ.

ಶಾಲೆ ತೆರೆದ ದಿನ ಹನ್ನೊಂದು ಮಕ್ಕಳೂ ಬಂದರು. ಮೈಕ್‌ಸೆಟ್‌ನವರು ಅಂಗಡಿಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡುತ್ತಿದ್ದದ್ದನ್ನು ನಾನು ತರಗತಿಯ ಕಿಟಕಿಯಿಂದ ನೋಡಿದೆ. ಹೋಗಿ ಒಂದು ಮಾತು ಹೇಳಬೇಕಿತ್ತು... ಗಂಟೆ ಹೊಡೆಯಿತು, ಹಾಜರಿ ತೆಗೆದುಕೊಂಡೆ. ಮರುವರ್ಷ ಮೇಚೇರಿ ಸಂತೆಯಿಂದ ಬರುವಾಗ ಎದೆನೋವೆಂದು ಬಸ್ಸಿನಲ್ಲೇ ಒರಗಿದವರು ಏಳಲಿಲ್ಲ. ಠಾಣೆಯ ಕಾಗದದಲ್ಲಿ ನನ್ನ ತಪ್ಪು ಒಪ್ಪಿಕೊಂಡಿದ್ದೆ. ಅವರ ಎದುರು ಬಾಯಿಬಿಟ್ಟು ಒಪ್ಪಿಕೊಳ್ಳಲೇ ಇಲ್ಲ. ಅಂಗಡಿಯಲ್ಲಿ ಈಗ ಕೋಳಿ ಮಾರುತ್ತಾರೆ.

ನಿವೃತ್ತಳಾದ ಮೇಲೂ ನನ್ನ ದಿನ ಗಂಟೆಗೆ ಸರಿಯಾಗಿಯೇ ನಡೆಯುತ್ತದೆ. ಔಷಧಿಗೆ ಫೋನಿನ ಅಲಾರಂ, ಬಸ್ಸಿನ ಸಮಯಕ್ಕೆ ಫೋನ್, ಈ ಲೇಖನವನ್ನು ಬೆರಳಲ್ಲಿ ಒತ್ತಿ ಬರೆಯುತ್ತಿರುವುದೂ ಅದರಲ್ಲೇ. ಹಾಗಾಗಿ ಮುದುಕಿಗೆ ಹೊಸದು ಹಿಡಿಸುವುದಿಲ್ಲ ಎಂದು ಯಾರೂ ಹೇಳಬೇಡಿ. ಪರದೆ ಇದ್ದರೆ ಮಾತ್ರ ತಂತ್ರಜ್ಞಾನ ಎಂಬುದನ್ನು ನಾನು ಒಪ್ಪುವುದಿಲ್ಲ, ಅಷ್ಟೆ. ಕಡೆಯ ಮನೆಯ ಮಗುವಿಗೆ ಮುಟ್ಟದ್ದು ಎಷ್ಟು ಹೊಳೆದರೂ ನನ್ನ ಲೆಕ್ಕದಲ್ಲಿ ಪಾಠವಲ್ಲ.

ನಲ್ಲಂಪಳ್ಳಿಯಲ್ಲಿ ಹೊಸ ಶಿಕ್ಷಕರಿಗೆ ತರಬೇತಿಯಂತೆ, ಹೊಸ ಸಾಧನಗಳ ಬಗ್ಗೆ ಒಂದು ಗಂಟೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಸ್ಲೈಡ್ ಕಳಿಸಿ ಎಂದು ಎರಡು ಸಲ ಮೆಸೇಜ್ ಬಂತು. ಕಳಿಸುವುದಿಲ್ಲ. ಮೈಕ್‌ಸೆಟ್‌ನವರ ವಿಷಯ ಹೇಳುತ್ತೇನೆ, ನನ್ನ ಅರ್ಜಿಯ ವಿಷಯವನ್ನೂ ಬಿಡದೆ ಹೇಳುತ್ತೇನೆ. ಅವರ ಪಕ್ಕದಲ್ಲಿ ಕೂತು ಹೇಳಬೇಕಾದ ಮಾತದು. ಬುಧವಾರ ಒಂಬತ್ತೂಕಾಲಿನ ಬಸ್ಸಿಗೆ ಒಬ್ಬಳೇ ಹೋಗುತ್ತಿದ್ದೇನೆ.