ತೊಟ್ಟಿಕ್ಕುವ ನಲ್ಲಿಗಳ ಪಟ್ಟಿ

ಮೂವತ್ತನಾಲ್ಕು ವರ್ಷ ನಲ್ಲಿ, ಪೈಪು, ಟ್ಯಾಂಕು ಎಂದು ಮನೆಮನೆ ಅಲೆದ ಆ ಪ್ಲಂಬರ್‌ಗೆ ಊರಿನ ಅರ್ಧ ಬಚ್ಚಲುಗಳ ಒಳಗುಟ್ಟು ಗೊತ್ತಿತ್ತು. ಗೋಡೆಗೆ ಕಿವಿ ಇಟ್ಟರೆ ಸಾಕು, ಒಳಗೆ ಪೈಪು ಎಲ್ಲಿ ಬಾಯಿಬಿಟ್ಟಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಆದರೆ ಒಂದು ಜಾಗಕ್ಕೆ ಹೋಗಲು ಮಾತ್ರ ಅವರು ಹಿಂಜರಿಯುತ್ತಿದ್ದರು. ಅದು ಶಾಲೆ. ಏಳನೇ ತರಗತಿಯಲ್ಲಿ ಲೆಕ್ಕದ ಪೇಪರು ಕೈಗೆ ಬಂದ ದಿನ ಗೇಟು ದಾಟಿದವರು ಮತ್ತೆ ಪುಸ್ತಕ ಮುಟ್ಟಿರಲಿಲ್ಲ. ಹಾಗಾಗಿ ಓಣಿಯ ತುದಿಯ ಶಾಲೆಯಿಂದ ರಿಪೇರಿಗೆ ಕರೆ ಬಂದಾಗಲೆಲ್ಲ ಪಾಠ ನಡೆಯುವ ಹೊತ್ತು ನೋಡಿ ಒಳಹೊಕ್ಕು, ಗಂಟೆ ಹೊಡೆಯುವ ಮುಂಚೆ ಹೊರಬಿದ್ದುಬಿಡುತ್ತಿದ್ದರು.

ಆ ಸೋಮವಾರ ಹಾಗಾಗಲಿಲ್ಲ. ಕೈತೊಳೆಯುವ ಕಟ್ಟೆಯ ಮೇಲೆ ಸಾಲಾಗಿ ಹನ್ನೊಂದು ನಲ್ಲಿ. ಅದರಲ್ಲಿ ಆರು ಸೋರುತ್ತಿದ್ದವು. ಸೋರಿದ ನೀರು ಹಿಂದಿನ ಆಟದ ಬಯಲಿಗೆ ಹರಿದು, ಮೂಲೆಯಲ್ಲಿ ಹಸಿರು ಪಾಚಿ ಕಟ್ಟಿದ ಒಂದು ಹೊಂಡವೇ ಆಗಿತ್ತು. ಸೊಳ್ಳೆಗಳಿಗೆ ಸುಗ್ಗಿ. ಮೊದಲ ನಲ್ಲಿ ಬಿಚ್ಚುವಷ್ಟರಲ್ಲಿ ಗಂಟೆ ಹೊಡೆಯಿತು. ಕಣ್ಣು ಮಿಟುಕಿಸುವುದರೊಳಗೆ ಮಕ್ಕಳ ದಂಡು ಸುತ್ತುವರಿಯಿತು.

ಗುಂಪನ್ನು ಸೀಳಿಕೊಂಡು ಮುಂದೆ ಬಂದವಳು ಎರಡು ಜಡೆಯ, ಮಾತಿಗೆ ಮುಂಚೆ ಗಲ್ಲ ಎತ್ತುವ ಒಬ್ಬ ಹುಡುಗಿ. ಆರನೇ ತರಗತಿಯವಳು. ಅವಳ ವಾದ ತಾಳಲಾರದೆ ಟೀಚರುಗಳೇ ಅವಳಿಗೆ 'ಲಾಯರ್' ಎಂದು ಹೆಸರಿಟ್ಟಿದ್ದರು.

"ತಾತ, ಹೋದ ವರ್ಷಾನೂ ನೀವೇ ಅಲ್ವಾ ಬಂದಿದ್ದು? ಮತ್ತೆ ಸೋರ್ತಿದೆ. ಅವಾಗ ಸರಿಯಾಗಿ ಮಾಡ್ಲಿಲ್ವಾ?"

ಪ್ಲಂಬರ್‌ಗೆ ಚುರುಕ್ ಎಂದಿತು. ತಾತ ಅಂದಿದ್ದಕ್ಕೋ, ಕೆಲಸದ ಮೇಲೆ ಅನುಮಾನ ಪಟ್ಟಿದ್ದಕ್ಕೋ ಅವರಿಗೇ ತಿಳಿಯಲಿಲ್ಲ. ನಲ್ಲಿಯೊಳಗಿಂದ ಸವೆದು ಹಪ್ಪಳದಂತಾಗಿದ್ದ ರಬ್ಬರ್ ವಾಷರನ್ನು ಕಿತ್ತು ಅವಳ ಅಂಗೈ ಮೇಲಿಟ್ಟರು. "ನೋಡು ತಾಯಿ, ನೀರನ್ನ ತಡೆಯೋದು ಇದು. ನೀವು ದಿನಾ ಇನ್ನೂರು ಜನ ತಿರುಗಿಸಿ ತಿರುಗಿಸಿ ಬಿಗಿದ್ರೆ ಇದರ ಗತಿ ಏನಾಗ್ಬೇಕು?"

"ಇಷ್ಟೇನಾ?"

"ಇಷ್ಟೇ."

"ಹಾಗಾದ್ರೆ ನಾವೇ ಹಾಕ್ಬಹುದಲ್ಲ?"

ಅವರು ನಕ್ಕರು. ಆದರೆ ಹಿಂದೆ ನಿಂತಿದ್ದ ವಿಜ್ಞಾನದ ಟೀಚರ್ ನಗಲಿಲ್ಲ. "ಇವತ್ತು ಇವನ್ನ ಹಾಗೇ ಬಿಟ್ಟು, ಶನಿವಾರ ಒಂದು ಗಂಟೆ ಬಿಡುವು ಮಾಡ್ಕೊಂಡು ಬನ್ನಿ. ಮಕ್ಕಳಿಗೆ ತೋರಿಸಿಕೊಡಿ" ಎಂದುಬಿಟ್ಟರು.

ಮನೆಯಲ್ಲಿ ಸುದ್ದಿ ಕೇಳಿದ ಹೆಂಡತಿ ಬಿದ್ದು ಬಿದ್ದು ನಕ್ಕರು. "ಅಲ್ರೀ, ಏಳನೇ ಕ್ಲಾಸಿಂದ ಓಡಿ ಬಂದೋರು ಈಗ ಪಾಠ ಹೇಳೋಕೆ ಹೊರಟ್ರಾ?" ನಗುತ್ತಲೇ ಪೆಟ್ಟಿಗೆ ತಳದಿಂದ ಬಿಳಿ ಅಂಗಿ ತೆಗೆದು ಇಸ್ತ್ರಿ ಮಾಡಿಟ್ಟರು.

ಶನಿವಾರ ಕಪ್ಪು ಹಲಗೆಯ ಮುಂದೆ ನಿಂತು, ಪೈಪು ಬಗ್ಗಿಸುವ ಆ ಕೈಯಲ್ಲಿ ಸೀಮೆಸುಣ್ಣ ಹಿಡಿದರು. ನಲ್ಲಿಯ ಚಿತ್ರ ಬರೆದರೆ ಅದು ಬಾತುಕೋಳಿಯಾಗಿ ಮೂಡಿತು. ಮಕ್ಕಳು ಗೊಳ್ಳೆಂದರು. ಅವರು ಸೀಮೆಸುಣ್ಣ ಕೆಳಗಿಟ್ಟು ಚೀಲದಿಂದ ನಿಜವಾದ ನಲ್ಲಿಯನ್ನೇ ತೆಗೆದು ಮೇಜಿನ ಮೇಲೆ ಕುಕ್ಕಿದರು. ಅಲ್ಲಿಂದ ಮುಂದೆ ನಾಲಿಗೆ ತಾನಾಗಿ ಸಡಿಲವಾಯಿತು. "ಮೊದಲು ಏನು ಮಾಡ್ಬೇಕು?" ಎಂದರೆ ಇಡೀ ತರಗತಿ, "ವಾಲ್ವ್ ಬಂದ್!" ಎಂದು ಕೂಗುತ್ತಿತ್ತು. ಅದನ್ನು ಮರೆತ ಒಬ್ಬ ಹುಡುಗ ಕಟ್ಟೆಯ ಹತ್ತಿರ ತಲೆಯಿಂದ ಕಾಲಿನವರೆಗೆ ನೆನೆದ ಮೇಲಂತೂ ಯಾರೂ ಮರೆಯಲಿಲ್ಲ. ಎರಡು ಶನಿವಾರದಲ್ಲಿ ಕಟ್ಟೆಯ ಆರೂ ನಲ್ಲಿಗಳು ಬಾಯಿ ಮುಚ್ಚಿದವು.

ಟೀಚರ್ ಅಷ್ಟಕ್ಕೇ ಬಿಡುವವರಲ್ಲ. ರಿಪೇರಿಗೆ ಮುಂಚೆಯೇ ಸೋರುವ ಪ್ರತಿ ನಲ್ಲಿಯ ಕೆಳಗೆ ಬಕೆಟ್ ಇಡಿಸಿ ಅಳೆಸಿದ್ದರು. ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯೊಳಗೆ ಆರು ಬಕೆಟ್ ತುಂಬಿದ್ದವು. "ಶಾಲೆಯಲ್ಲೇ ಇಷ್ಟಾದ್ರೆ ಸುತ್ತಲಿನ ಮನೆಗಳಲ್ಲಿ ಎಷ್ಟಿರಬಹುದು?" ಎಂದು ಕೇಳಿದರು. ಮಕ್ಕಳು ಮೂವರು ಮೂವರಾಗಿ ಕಾಗದ ಹಿಡಿದು ಮೂರು ಬೀದಿ ಸುತ್ತಿದರು. ಒಂದು ವಾರದಲ್ಲಿ ನಲವತ್ತಮೂರು ನಲ್ಲಿಗಳ ಪಟ್ಟಿ ಸಿದ್ಧವಾಯಿತು. ಪ್ರತಿ ಶನಿವಾರ ಒಂದೊಂದು ಗುಂಪು ಮನೆಗಳಿಗೆ ಹೋಗಿ ಅವನ್ನು ಸರಿಮಾಡುವುದೆಂದು ಗೊತ್ತಾಯಿತು. ಅದರ ಒಂದು ಪ್ರತಿ ಶಾಲೆಯ ಗೇಟಿನ ಮೇಲೆ, ಇನ್ನೊಂದು ಪ್ಲಂಬರ್ ಅಂಗಡಿಯ ಬಾಗಿಲ ಮೇಲೆ.

ಅಂಗಡಿಯ ಮುಂದೆ ಜನ ನಿಂತು ಓದಿ ಕಿಸಕಿಸ ನಗುವುದು ಕಂಡು ಪ್ಲಂಬರ್ ಕನ್ನಡಕ ಏರಿಸಿ ಹತ್ತಿರ ಹೋದರು. ಹದಿನೇಳನೆಯದು ಅವರದೇ ಮನೆ. ಮುದ್ದಾದ ಅಕ್ಷರದಲ್ಲಿ ಬರೆದಿತ್ತು: 'ಅಡುಗೆಮನೆ ನಲ್ಲಿ. ಆರು ವರ್ಷದಿಂದ. ಮನೆಯವರ ಹೇಳಿಕೆ: ಹೇಳಿ ಹೇಳಿ ಸಾಕಾಯ್ತು.'

ಮುಖ ಕೆಂಪಗಾಗಿ ಅಂಗಡಿ ಮುಚ್ಚಿ ನೇರ ಮನೆಗೆ ನಡೆದರು. "ಏನೇ ಇದು, ಮರ್ಯಾದೆ ಬೀದಿಗೆ ತಂದ್ಯಲ್ಲ!"

"ನಾನು ಹೇಳಿದ್ರೆ ನಿಮ್ಮ ಕಿವಿ ಮೇಲೆ ಬೀಳಲ್ಲ. ಮಕ್ಕಳು ಕೇಳಿದ್ರು, ಇದ್ದಿದ್ದು ಹೇಳ್ದೆ."

ಅವರು ಚೀಲದಿಂದ ಸ್ಪಾನರ್ ತೆಗೆದರು. ಹೆಂಡತಿ ನಲ್ಲಿಗೆ ಅಡ್ಡ ನಿಂತರು. "ಮುಟ್ಬೇಡಿ. ಶನಿವಾರ ಮಕ್ಕಳು ಬರ್ತಾರೆ. ಅವರ ಸರದಿ."

ಶನಿವಾರ ಲಾಯರ್ ತನ್ನ ಇಬ್ಬರು ಗೆಳತಿಯರೊಂದಿಗೆ ಬಂದಳು. ವಾಲ್ವ್ ಬಂದ್ ಮಾಡಿ, ನಲ್ಲಿ ಬಿಚ್ಚಿ, ಹೊಸ ವಾಷರ್ ಹಾಕಿ ಬಿಗಿದರು. ನೀರು ಬಿಟ್ಟರೆ ಮತ್ತೆ ಟಪ್, ಟಪ್. ಇನ್ನೊಂದು ವಾಷರ್ ಹಾಕಿದರು. ಅದೇ ರಾಗ. ಗೆಳತಿಯರ ಮುಖ ಬಾಡಿತು. ಬಾಗಿಲಲ್ಲಿ ನಿಂತಿದ್ದ ಪ್ಲಂಬರ್‌ಗೆ ಕಾರಣ ಹೊಳೆದಿತ್ತು. ಹೇಳಬೇಕೆಂದು ತುಟಿಯವರೆಗೆ ಬಂದ ಮಾತನ್ನು ನುಂಗಿ, ತುರಿಸುತ್ತಿದ್ದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಲಾಯರ್ ನಲ್ಲಿಯನ್ನೇ ದುರುಗುಟ್ಟಿ ನೋಡಿದಳು. ಮತ್ತೆ ವಾಲ್ವ್ ಬಂದ್ ಮಾಡಿ, ಅದನ್ನು ಬಿಚ್ಚಿ, ಕಿರುಬೆರಳನ್ನು ಒಳಗೆ ತೂರಿಸಿ ಮೆಲ್ಲಗೆ ಸುತ್ತಿಸಿದಳು.

"ತಾತ, ತಪ್ಪು ವಾಷರ್‌ದಲ್ಲ. ಅದು ಕೂತ್ಕೊಳ್ಳೋ ಜಾಗಾನೇ ಸವೆದಿದೆ. ಇಲ್ಲೊಂದು ಕಡೆ ಬೆರಳಿಗೆ ತಗ್ಗು ಸಿಗುತ್ತೆ."

ಆ ಮಾತನ್ನು ಅವರು ತರಗತಿಯಲ್ಲಿ ಹೇಳಿಕೊಟ್ಟೇ ಇರಲಿಲ್ಲ. ತಾವು ಈ ಕೆಲಸಕ್ಕೆ ಬಂದು ನಾಲ್ಕನೇ ವರ್ಷಕ್ಕೆ, ಎಷ್ಟೋ ನಲ್ಲಿ ಹಾಳು ಮಾಡಿದ ಮೇಲೆ ಕಂಡುಕೊಂಡ ವಿದ್ಯೆ ಅದು. ಅವರು ಚೀಲ ತಡಕಿ, ಒಳಗಿನ ತಗ್ಗನ್ನು ಉಜ್ಜಿ ಸಮ ಮಾಡುವ ಪುಟ್ಟ ಉಪಕರಣ ತೆಗೆದು ಅವಳ ಕೈಗಿಟ್ಟರು.

"ನಿಧಾನ. ಒತ್ತಬೇಡ, ಸುಮ್ನೆ ತಿರುಗಿಸು. ಬೆರಳಿಗೆ ಗಾಜಿನ ಥರ ಸಿಗೋವರೆಗೂ."

ಅವಳು ನಾಲಿಗೆ ಕಚ್ಚಿಕೊಂಡು ತಿರುಗಿಸಿದಳು. ಕೈಸೋತಾಗ ಗೆಳತಿಯರು ತಿರುಗಿಸಿದರು. ಕೊನೆಗೆ ವಾಷರ್ ಹಾಕಿ ವಾಲ್ವ್ ತೆರೆದರು. ಎಲ್ಲರೂ ಉಸಿರು ಬಿಗಿಹಿಡಿದು ನಲ್ಲಿಯ ಮೂತಿಯನ್ನೇ ನೋಡಿದರು. ಒಂದು ಹನಿ ಅಂಚಿಗೆ ಬಂದು ತೂಗಾಡಿತು, ಬಿದ್ದಿತು. ಅದರ ಹಿಂದೆ ಇನ್ನೊಂದು ಬರಲಿಲ್ಲ.

"ಆರು ವರ್ಷ ಕಣ್ರಮ್ಮ!" ಎಂದು ಪ್ಲಂಬರ್ ಹೆಂಡತಿ ಮೂವರನ್ನೂ ಒಟ್ಟಿಗೆ ತಬ್ಬಿಕೊಂಡರು. ಪ್ಲಂಬರ್ ಹಿತ್ತಲಿಗೆ ಹೋಗಿ, ಕಣ್ಣಿಗೆ ಏನೋ ಬಿತ್ತೆಂದು ಮುಖ ತೊಳೆದುಕೊಂಡು ಬಂದರು. ಆಮೇಲೆ ಎರಡು ದಿನ ಅಂಗಡಿಗೆ ಬಂದವರಿಗೆಲ್ಲ, ಪೈಪು ಕೇಳಿದವರಿಗೂ ಅಂಟು ಕೇಳಿದವರಿಗೂ, ಅವರು ಹೇಳಿದ್ದು ಒಂದೇ ಕಥೆ: "ಕಿರುಬೆರಳಲ್ಲಿ ಕಂಡುಹಿಡಿದ್ಲು ಸ್ವಾಮಿ, ಕಿರುಬೆರಳಲ್ಲಿ!"

ನಲವತ್ತಮೂರರಲ್ಲಿ ಮೂವತ್ತೊಂಬತ್ತಕ್ಕೆ ಗೆರೆ ಬಿತ್ತು. ಎರಡು ಮನೆಯವರು ಬಾಗಿಲನ್ನೇ ತೆರೆಯಲಿಲ್ಲ. ಇನ್ನೆರಡು ಬೀದಿ ನಲ್ಲಿ. ನೀರು ಸರಬರಾಜು ಕಚೇರಿಗೆ ಮಕ್ಕಳು ಬರೆದ ಪತ್ರ ಮೂರನೆಯ ಸಲಕ್ಕೆ ಫಲ ಕೊಟ್ಟಿತು. ರಿಪೇರಿಗೆ ಬಂದ ನೌಕರ ಕೆಲಸ ಮುಗಿಸುವವರೆಗೆ ಲಾಯರ್ ಪಕ್ಕದಲ್ಲೇ ನಿಂತು ಪ್ರಶ್ನೆ ಕೇಳಿ ಕೇಳಿ ಅವನಿಗೆ ಬೆವರಿಳಿಸಿದಳಂತೆ.

ಶಾಲೆಯ ಹೊಂಡ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತು. ಮಕ್ಕಳು ಅಲ್ಲಿ ಮಣ್ಣು ಹಾಕಿ ಮಟ್ಟ ಮಾಡಿದರು. ಕೈ ತೊಳೆದ ನೀರು ಇನ್ನೊಮ್ಮೆ ಅಲ್ಲಿ ನಿಲ್ಲದಂತೆ ಬೇಲಿಯ ಉದ್ದಕ್ಕೂ ಕಾಲುವೆ ತೋಡಿ, ಟೊಮೇಟೊ, ಹೀರೆ, ಕುಂಬಳ ಹಾಕಿದರು. ಕಾಲುವೆಗೆ ಎಷ್ಟು ಇಳಿಜಾರು ಬೇಕೆಂದು ದಾರ ಹಿಡಿದು ಅಳೆದು ಕೊಟ್ಟದ್ದು ಪ್ಲಂಬರ್. ಲೆಕ್ಕ ಮಾಡಿದ್ದು ಮಕ್ಕಳು, ಅವರು ಸರಿ ನೋಡಿದರು. ಒಂದು ಕಡೆ ಮಕ್ಕಳದು ತಪ್ಪಿತ್ತು. ಅದನ್ನು ಹಿಡಿದದ್ದು ಪ್ಲಂಬರೇ.

ಮೊನ್ನೆ ದೊಡ್ಡ ಮಹಡಿ ಮನೆಯವರು ಕಾರು ನಿಲ್ಲಿಸಿ, "ಶನಿವಾರ ಬೆಳಿಗ್ಗೆ ಬನ್ನಿ, ಮೂರು ಬಚ್ಚಲಿನ ಕೆಲಸ ಇದೆ" ಎಂದರು. ದೊಡ್ಡ ಗಿರಾಕಿ. ಪ್ಲಂಬರ್ ಅಂಗಿಯ ಮೇಲಿನ ಧೂಳು ಕೊಡವಿ ಬೆನ್ನು ನೆಟ್ಟಗೆ ಮಾಡಿದರು.

"ಭಾನುವಾರ ಬರ್ತೀನಿ ಸಾರ್. ಶನಿವಾರ ನನಗೆ ಕ್ಲಾಸ್ ಇದೆ."