ಪಟ್ಟಿ ಕಟ್ಟಿದಾಗ ಮಾತಾಡಬಾರದು

"ಮೇಡಮ್ಮಾರ, ಸ್ವಲ್ಪ ಬಾಯಿ ಮುಚ್ಚಿಕೊಂಡ ಕುಂಡ್ರಿ."

ಹೀಗಂದವರು ನನ್ನ ಡಾಕ್ಟರು. ನನ್ನ ವಿದ್ಯಾರ್ಥಿಯಾಗಬಹುದಾದ ವಯಸ್ಸಿನವರು. ಸರ್ವೀಸಿನುದ್ದಕ್ಕೂ ಕ್ಲಾಸಿನಲ್ಲಿ ಇದೇ ಮಾತನ್ನು ಬೇರೆಯವರಿಗೆ ಹೇಳಿಕೊಂಡು ಬಂದವಳು ನಾನು. ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ.

ಯಾಕೆಂದರೆ ನಾನು ಮಾತು ಕಡಿಮೆಯವಳು ಎಂದು ಇದೇ ಅಂಕಣದಲ್ಲಿ ನಿಮ್ಮ ಮುಂದೆ ಕೊಚ್ಚಿಕೊಂಡಿದ್ದೇನೆ. (ನಿಮಗೆ ನೆನಪಿಲ್ಲದಿದ್ದರೆ ಒಳ್ಳೆಯದೇ.)

ಮೊದಲಿನಿಂದ ಹೇಳುತ್ತೇನೆ. ಲಕ್ಷ್ಮೇಶ್ವರದ ಕಾಲೇಜಿನಿಂದ ರಿಟೈರ್ ಆದ ಮೇಲೆ ಬೆಟಗೇರಿಯಲ್ಲಿ ಬಾಡಿಗೆ ಮನೆ ಹಿಡಿದೆ. ರೈಲು ಹತ್ತಿರ, ಆಸ್ಪತ್ರೆ ಹತ್ತಿರ, ಬ್ಯಾಂಕ್ ಹತ್ತಿರ. ಹತ್ತಿರ ಯಾರಿದ್ದಾರೆ ಎಂದು ಮಾತ್ರ ಯೋಚಿಸಿರಲಿಲ್ಲ. ಒಬ್ಬಳೇ ಇರುವುದು ನನಗೆ ಹೊಸದಲ್ಲ. ಆದರೆ ಲಕ್ಷ್ಮೇಶ್ವರದಲ್ಲಿ ಒಬ್ಬಳೇ ಇದ್ದಾಗ ಸಂತೆಗೆ ಹೋಗಿ ಬರುವಷ್ಟರಲ್ಲಿ ಹತ್ತು ಮಂದಿ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅಥವಾ ಹಾಗೆಂದು ಈಗ ಅನ್ನಿಸುತ್ತಿದೆಯೋ?

ಒಂದು ದಿನ ತಲೆ ಭಾರವಾಯಿತು. ಗದಗಿನ ಕ್ಲಿನಿಕ್ಕಿಗೆ ಹೋದೆ. ಬಿಪಿ ಹೆಚ್ಚು ಬಂತು. ಕೆಲವು ದಿನ ಬಿಟ್ಟು ಮತ್ತೆ ತಲೆ ಭಾರವೆಂದು ಹೋದೆ. ಮತ್ತೆ ಹೆಚ್ಚು. (ಎರಡನೇ ಸಲ ನಿಜವಾಗಿಯೂ ತಲೆ ಭಾರವಿತ್ತೇ? ಖಾತ್ರಿ ಹೇಳಲಾರೆ.)

"ಮುಂದಿನ ಸಲನೂ ಹಿಂಗ ಬಂದ್ರ ಗುಳಿಗಿ ಚಾಲೂ ಮಾಡೂಣ್ರಿ" ಎಂದರು ಡಾಕ್ಟರು. "ಆಮ್ಯಾಲ ಮನಸ್ಸಿಗೆ ಬಂದಾಗ ಬಿಡಾಕ ಬರೂದಿಲ್ಲ ಮತ್ತ."

ದಿನಾ ಗುಳಿಗೆ, ಬಹುಶಃ ಬದುಕಿರುವ ತನಕ. ಮರೆತರೆ ನೆನಪಿಸುವವರು ಯಾರು?

"ಮನ್ಯಾಗ ಯಾರಿಗರ ಬಿಪಿ ಇತ್ತೇನ್ರಿ?"

ಅಪ್ಪ ಉಪ್ಪಿಲ್ಲದ ಪಲ್ಯ ಉಣ್ಣುತ್ತಿದ್ದ ಚಿತ್ರ ಕಣ್ಣ ಮುಂದೆ ಬಂತು. ಅದು ಡಾಕ್ಟರು ಹೇಳಿದ್ದಕ್ಕೋ, ಯಾವುದಾದರೂ ವ್ರತಕ್ಕೋ? ಅಥವಾ ಅವ್ವ ಎಂದೋ ಒಂದು ದಿನ ಉಪ್ಪು ಹಾಕಲು ಮರೆತದ್ದನ್ನೇ ನಾನು ಇಡೀ ಬಾಲ್ಯಕ್ಕೆ ಹಚ್ಚಿದ್ದೇನೋ? ಕೇಳಿ ತಿಳಿದುಕೊಳ್ಳೋಣವೆಂದರೆ ಆ ಮನೆಯವರಲ್ಲಿ ಈಗ ಉಳಿದವಳು ನಾನೊಬ್ಬಳೇ.

"ಗೊತ್ತಿಲ್ರಿ" ಎಂದೆ.

ಆಮೇಲೆ ಈ ಗುಳಿಗೆ ಮಾಡುವುದಾದರೂ ಏನು ಎಂದು ಕೇಳಿದೆ. ಡಾಕ್ಟರು ಚಿತ್ರ ಬರೆದೇ ವಿವರಿಸಿದರು. ನಾನು ರಕ್ತನಾಳವೆಂದರೆ ನಳದ ಪೈಪಿನ ಹಾಗೆ ಎಂದುಕೊಂಡಿದ್ದೆ. ನೀರು ಜೋರಾದರೆ ಪ್ರೆಶರ್ ಜಾಸ್ತಿ, ಅಷ್ಟೇ. ಅಷ್ಟೇ ಅಲ್ಲವಂತೆ. ನಾಳದ ಗೋಡೆಗೆ ಜೀವವಿದೆ. ಅದರ ಒಳಮೈಗೆ ತೆಳ್ಳಗಿನ ಜೀವಕೋಶಗಳ ಪದರ, ಅದರ ಹೊರಗೆ ಸ್ನಾಯು. ಇವೆರಡರಲ್ಲೂ ಸುದ್ದಿ ಮುಟ್ಟಿಸುವುದನ್ನೇ ಕಸುಬು ಮಾಡಿಕೊಂಡ ಪ್ರೋಟೀನುಗಳಿವೆ. ರಕ್ತ ಒಳಮೈಗೆ ಒರಸಿಕೊಂಡು ಹರಿಯುವುದನ್ನು ಆ ಪದರದ ಕೆಲವು ಪ್ರೋಟೀನುಗಳು ಗ್ರಹಿಸುತ್ತವೆ. ಆಗ ಸ್ನಾಯುವಿಗೆ 'ಸಡಿಲಾಗು' ಎಂಬ ಸುದ್ದಿ ಹೋಗುತ್ತದೆ. ಸ್ನಾಯುವಿನ ಮೇಲೆಯೇ ಕೂತ ಇನ್ನು ಕೆಲವು 'ಬಿಗಿಯಾಗು' ಎಂಬ ಸುದ್ದಿಯನ್ನು ಹಿಡಿಯುತ್ತವೆ. ಸಡಿಲಾದರೆ ಒತ್ತಡ ಇಳಿಯುತ್ತದೆ, ಬಿಗಿದರೆ ಏರುತ್ತದೆ. ನನಗೆ ಕೊಡಬೇಕೆಂದಿದ್ದ ಗುಳಿಗೆ ಈ ಬಿಗಿಯುವ ಸುದ್ದಿಯನ್ನು ದಾರಿಯಲ್ಲೇ ತಡೆಯುವಂಥದ್ದು.

"ಒಟ್ಟ ಸುದ್ದಿ ಮುಟ್ಟಬೇಕ್ರಿ" ಎಂದು ಪೆನ್ನು ಮುಚ್ಚಿದರು. "ಸಡಿಲಾಗೂ ಸುದ್ದಿ ಮುಟ್ಲಿಲ್ಲಂದ್ರ ಗ್ವಾಡಿ ಬಿಗದ ಕುಂದರ್ತೈತಿ."

ಅವರು ರಕ್ತನಾಳದ ಬಗ್ಗೆಯೇ ಹೇಳಿದ್ದು. ನಾನು ಬೆಟಗೇರಿಯ ಮನೆಯ ಗೋಡೆ ನೆನೆಸಿಕೊಂಡೆ. ಅದರಾಚೆ ಪಕ್ಕದ ಮನೆಯವರ ಟಿವಿ ಕೇಳುತ್ತದೆ. ಅವರ ಹೆಸರು ನನಗೆ ಇನ್ನೂ ಗೊತ್ತಿಲ್ಲ.

ಮೂರನೇ ಸಲ ಹೋದಾಗ ಬಿಪಿ ನೋಡುವ ಸಿಸ್ಟರ್ ಮುಮ್ತಾಜ್ ಎಂದಿನಂತೆ ತೋಳಿಗೆ ಪಟ್ಟಿ ಕಟ್ಟಿದರು. ಮಲ್ಲಸಮುದ್ರದಿಂದ ಬರುವ ನಗುಮುಖದ ಹೆಣ್ಣುಮಗಳು.

"ಚಹಾ ಆತೇನ್ರಿ ಮೇಡಮ್ಮಾರ?"

ಹಿಂದಿನ ಎರಡು ಸಲವೂ ಪಟ್ಟಿ ಕಟ್ಟುತ್ತಾ ಇದನ್ನೇ ಕೇಳಿದ್ದರು. ನಮ್ಮ ಕಡೆ ಇದಕ್ಕೆ ಉತ್ತರ ಕೊಡದೆ ಕೂತರೆ ಸೊಕ್ಕು ಎನ್ನುತ್ತಾರೆ. 'ಆತ್ರಿ' ಎಂದಿದ್ದರೆ ಸಾಕಿತ್ತು. ನಾನು ಹಾಲು ಒಡೆದದ್ದು ಹೇಳಿದೆ. ಕರಿ ಚಹಾ ಕುಡಿದದ್ದು ಹೇಳಿದೆ. ಲಕ್ಷ್ಮೇಶ್ವರದ ಹಾಲಿನ ರುಚಿಗೆ ಹೋದೆ. ಪಟ್ಟಿ ಬಿಗಿಯುತ್ತಿದೆ, ನಾನು ಹೇಳುತ್ತಲೇ ಇದ್ದೇನೆ. ಅವರೂ ಬಿಡಲಿಲ್ಲ. "ನಮ್ಮತ್ತಿನೂ ಹಂಗರಿ, ಪಾಕೀಟ ಹಾಲು ಮುಟ್ಟೂದಿಲ್ಲ" ಎಂದರು. ಬಾಗಿಲಲ್ಲಿ ಡಾಕ್ಟರು ಬಂದು ನಿಂತದ್ದನ್ನು ಇಬ್ಬರೂ ನೋಡಲಿಲ್ಲ.

ಆಗ ಹೇಳಿದ್ದು, ಬಾಯಿ ಮುಚ್ಚಿಕೊಂಡು ಕುಂಡ್ರಿ ಅಂತ.

"ಸಿಸ್ಟರ್, ಪಟ್ಟಿ ಕಟ್ಟಿದಾಗ ಮಾತಾಡಸಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಬೇಕ್ರಿ ನಿಮಗ? ಮಾತಾಡಿದ್ರ ಬಿಪಿ ಏರತೈತಿ."

"ಬಂದವರನ್ನ ಗೊಂಬಿ ಕುಂದರ್ಸಿದಂಗ ಕುಂದರ್ಸಾಕ ಆಗತೈತೇನ್ರಿ ಡಾಕ್ಟ್ರ? ನಾಳೆ ಅವರ, ಸಿಸ್ಟರಿಗೆ ಧಿಮಾಕು ಅಂತಾರ!"

ಡಾಕ್ಟರಿಗೂ ನಗು ಬಂತು. ಐದು ನಿಮಿಷ ಮೂವರೂ ಸುಮ್ಮನಾದೆವು. ಮತ್ತೆ ನೋಡಿದರು. ಮಾತಿನ ನಡುವೆ ಹೆಚ್ಚೇ ತೋರಿಸಿದ್ದ ಬಿಪಿ ಇಳಿದಿತ್ತು.

ಅಷ್ಟಕ್ಕೇ ನಂಬಬಾರದು, ಒಂದು ವಾರ ಮನೆಯಲ್ಲೇ ನೋಡಿಕೊಳ್ಳಿ ಎಂದರು. ಸಣ್ಣ ಮಶೀನು ಕೊಂಡು ತಂದೆ. ಅದರ ಜೊತೆಗಿದ್ದ ಹಾಳೆಯಲ್ಲಿ ಒಂದು ಸೂಚನೆ: ಅಳೆಯುವ ಮುಂಚೆ ಸ್ವಲ್ಪ ಹೊತ್ತು ಯಾರೊಂದಿಗೂ ಮಾತಾಡಬಾರದು. ಓದಿ ಒಬ್ಬಳೇ ನಕ್ಕೆ. ಹಿಂದಿನ ಸಂಜೆಯಿಂದಲೇ ಆ ನಿಯಮ ಪಾಲಿಸಿದ್ದೆನಲ್ಲ! ಬೆಳಿಗ್ಗೆ, ಸಂಜೆ, ಪಟ್ಟಿ ಕಟ್ಟಿಕೊಂಡು ಕೂತೆ. ಆ ಮಶೀನಿಗೆ ನನ್ನಂಥ ಪೇಶಂಟ್ ಸಿಗುವುದು ಕಷ್ಟ. ಪ್ರತಿ ಸಲವೂ ನಾರ್ಮಲ್.

ಹೋಗಿ ತೋರಿಸಿದೆ. ಡಾಕ್ಟರು ಖುಷಿಯಾದರು.

"ಈಗ ಗುಳಿಗಿ ಬ್ಯಾಡ್ರಿ. ಇನ್ನ ಆರು ತಿಂಗಳು ನೀವು ಬರೂದ ಬ್ಯಾಡ."

"ಖರೇನ?" ಎಂದೆ.

"ಖರೇರಿ. ಆರಾಮ ಇರ್ರಿ."

ನನಗೆ ಬೇಕಾಗಿದ್ದ ಸುದ್ದಿ ಅದೇ. ಹಾಗಾದರೆ ಮೆಟ್ಟಿಲು ಇಳಿಯುವಾಗ ಕಾಲು ಯಾಕೆ ಎಳೆದಂತಾಯಿತು? ಆ ತಲೆ ಭಾರ ನಿಜವಾಗಿಯೂ ಇತ್ತೇ ಎಂದು ಮತ್ತೊಮ್ಮೆ ಕೇಳಿಕೊಂಡೆ. ಇತ್ತು ಅಂದುಕೊಂಡೆ. ಇರಲೇಬೇಕು.

ಮುಮ್ತಾಜ್ ಸಿಸ್ಟರ್ ಬಾಗಿಲತನಕ ಬಂದು, "ಛಲೋ ಆತ ಬಿಡ್ರಿ, ನಮ್ಮ ಕಾಟ ತಪ್ಪಿತು ನಿಮಗ" ಎಂದು ನಕ್ಕರು.

ನನ್ನ ಬಿಪಿ ನಾರ್ಮಲ್ ಇದೆ. ಇನ್ನು ಆರು ತಿಂಗಳು ಚಹಾ ಆತೇನ್ರಿ ಎಂದು ನನ್ನನ್ನು ಕೇಳುವವರು ಯಾರು?