ನೀಲಮ್ಮ ಕಸಿದುಕೊಂಡ ಸ್ಕೋರ್ ಪುಸ್ತಕ

ಮೂವತ್ತನಾಲ್ಕು ವರ್ಷ ಸುರಪುರ, ಶಹಾಪುರಗಳ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ನಿವೃತ್ತಿಯಾದ ಮರುವರ್ಷ ಶಹಾಪುರದ ಮಕ್ಕಳ ವೈದ್ಯರೊಬ್ಬರು ಮನೆಗೇ ಬಂದು, ತೂಕ ಮಿತಿಮೀರಿದ ಒಂಬತ್ತು ಮಕ್ಕಳನ್ನು ನನಗೆ ಒಪ್ಪಿಸಿದರು. ಹನ್ನೆರಡು ವಾರ, ವಾರಕ್ಕೆ ಮೂರು ದಿನ, ಸಂಜೆ ಐದರಿಂದ ಆರು. ಅವರು ಹೇಳಿದ ‘ಸೂಪರ್‌ವೈಸ್ಡ್ ಎಕ್ಸರ್‌ಸೈಜ್’ ಎಂದರೆ ಓಡು ಎಂದು ಚೀಟಿ ಬರೆದುಕೊಟ್ಟು ಕೈತೊಳೆದುಕೊಳ್ಳುವುದಲ್ಲ. ಎದುರಿಗೆ ನಿಂತು, ನಾಡಿ ಎಣಿಸಿ, ಉಸಿರು ನೋಡುತ್ತಾ, ವಾರವಾರವೂ ಸ್ವಲ್ಪಸ್ವಲ್ಪ ಹೆಚ್ಚಿಸುವುದು. ಸೀಟಿ ಮತ್ತೆ ಕೊರಳಿಗೆ ಬಿತ್ತಲ್ಲ, ನನಗೆ ಹಿಗ್ಗೋ ಹಿಗ್ಗು.

ಆ ಒಂಬತ್ತರಲ್ಲಿ ಭಾಗ್ಯ ಒಬ್ಬಳು. ಹನ್ನೆರಡು ವರ್ಷ, ಅರವತ್ತೊಂದು ಕೆ.ಜಿ. ರಕ್ತದಲ್ಲಿ ಸಕ್ಕರೆ ಆಗಲೇ ಏರತೊಡಗಿದೆ, ಈಕೆ ನಡುವೆ ಬಿಡದ ಹಾಗೆ ನೋಡಿಕೊಳ್ಳಿ ಎಂದು ವೈದ್ಯರು ಒತ್ತಿ ಹೇಳಿದ್ದರು. ತಾಯಿ ಅವಳನ್ನು ಹತ್ತಿರದ ಗೋಗಿ ಹಳ್ಳಿಯಿಂದ ಶೇರ್ ಆಟೋದಲ್ಲಿ ಕರೆತಂದು ಮೈದಾನದ ಅಂಚಿನ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಮುಖ ಎಲ್ಲೋ ಕಂಡಂತಿತ್ತು, ನೆನಪಾಗಲಿಲ್ಲ.

ಮೂರನೆಯ ವಾರ ಖೋಖೋ ಶುರುಮಾಡಿದೆ. ನಾಲ್ಕು ಹೆಜ್ಜೆಗೇ ಭಾಗ್ಯಳಿಗೆ ಏದುಸಿರು. ಉಳಿದವರು ನಕ್ಕರು. ಅವರೇನು ಸಣಕಲರಲ್ಲ, ಆದರೂ ನಕ್ಕರು.

“ನಾ ಆಡಂಗಿಲ್ರಿ ಸರ್. ಸ್ಕೋರ್ ಬರಿತೀನಿ,” ಎಂದು ಕಣ್ಣೊರೆಸಿಕೊಂಡಳು.

ಎರಡು ತಂಡ ಮಾಡಿದರೆ ಒಂಬತ್ತರಲ್ಲಿ ಒಬ್ಬರು ಹೇಗೂ ಹೆಚ್ಚು. ಪಾಪ ಅನ್ನಿಸಿ ಪುಸ್ತಕ, ಪೆನ್ನು ಕೊಟ್ಟೆ. ತಾಯಿ ದಡಬಡ ಎದ್ದು ಬಂದು ಪುಸ್ತಕ ಕಸಿದುಕೊಂಡಳು.

“ಬ್ಯಾಡ್ರಿ ಸರ್. ಸುರಪುರದಾಗ ನನಗೂ ಹಿಂಗ ಪಾಪ ಅಂತ ಪುಸ್ತಕ ಕೊಟ್ಟಿದ್ರಿ. ನಾ ನೀಲಮ್ಮ ರೀ.”

ದುಂಡನೆಯ ನೀಲಾ! ಸುರಪುರದ ಆ ಮೈದಾನ, ಬೇವಿನ ನೆರಳು, ಸುಣ್ಣದ ಗೆರೆ, ಗಂಟಲು ಹರಿಯುವಂತೆ ಕೂಗುವ ಹುಡುಗಿಯರು. ನನ್ನ ನೌಕರಿಯ ಸುಖದ ದಿನಗಳವು; ಈಗಲೂ ನೆನೆದರೆ ಮನಸ್ಸು ಹಗುರಾಗುತ್ತದೆ. ಆ ನೆರಳಲ್ಲಿ ಕೂತು ಬರೆಯುತ್ತಿದ್ದವಳ ಅಂಕಿಗಳು ಮುತ್ತಿನಂತಿವೆ ಎಂದು ಇಡೀ ಶಾಲೆಗೆ ತೋರಿಸಿದ್ದೆ. ನಿನಗೂ ಆಡಬೇಕೇ ಎಂದು ಒಂದು ದಿನವೂ ಕೇಳಿರಲಿಲ್ಲ. ಈಗ ನಾಚಿಕೆಯಾಯಿತು.

ಅಷ್ಟರಲ್ಲಿ ಭಾಗ್ಯ ಚಪ್ಪಲಿ ಮೆಟ್ಟುತ್ತಿದ್ದಳು. “ನಾ ಇನ್ನ ಬರಂಗೇ ಇಲ್ಲ.”

ಅಂಕಣವನ್ನು ಅರ್ಧಕ್ಕೆ ಇಳಿಸಿದೆ. ಒಂದು ನಿಮಿಷ ಆಟ, ಒಂದು ನಿಮಿಷ ನಾಡಿ ಎಣಿಕೆ, ಎಲ್ಲರಿಗೂ. ಒಬ್ಬರು ಹೆಚ್ಚು ಎಂದು ಲೆಕ್ಕ ಹಾಕಿದ್ದವನು ಈಗ ನೀಲಮ್ಮನ ಕಡೆ ತಿರುಗಿ, “ಒಬ್ರು ಕಡಿಮಿ ಬೀಳತಾರ. ಬಾರವ್ವ, ನೀನೂ ಕುಂದ್ರು,” ಎಂದೆ.

“ನಾನಾ? ಸೀರಿ ಉಟ್ಟೀನ್ರಿ ಸರ್!”

“ಸೆರಗು ಕಟ್ಟು.”

ಕಟ್ಟಿದಳು. ಅವ್ವ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತದ್ದು ಕಂಡು ಭಾಗ್ಯಳಿಗೆ ಅಳುವಿನ ನಡುವೆಯೇ ನಗು ಬಂತು. ಚಪ್ಪಲಿ ಬಿಟ್ಟು ಓಡಿಬಂದವಳೇ ಅವ್ವನ ಬೆನ್ನಿಗೆ ಬಡಿದು “ಖೋ!” ಎಂದಳು.

ಭಾಗ್ಯ ಹನ್ನೆರಡು ವಾರ ಪೂರೈಸಿದಳು. ತೂಕ ಇಳಿದದ್ದು ಸ್ವಲ್ಪವೇ, ಆದರೆ ಸಕ್ಕರೆ ಏರುವುದು ನಿಂತಿದೆ ಎಂದು ವೈದ್ಯರು ಹೇಳಿದರು. ಪಾಪ ಎಂದು ಹೊರಗೆ ಕೂರಿಸಿದರೂ ಅದು ಹೊರಗಿಟ್ಟಂತೆಯೇ. ಇಷ್ಟನ್ನು ಕಲಿಯಲು ನನ್ನ ನೌಕರಿಯೇ ಮುಗಿಯಬೇಕಾಯಿತು.

ಸೆರಗು ಕಟ್ಟಿ ಆಡಿದ ಆ ಮೊದಲ ಸಂಜೆ, ಆಟ ಮುಗಿದ ಮೇಲೆ ನೀಲಮ್ಮ ಧೂಳಿನಲ್ಲೇ ಕೂತು ಏದುಸಿರು ಬಿಡುತ್ತಾ ನಗುತ್ತಿದ್ದಳು.

“ಮೂರು ವರ್ಷ ಮಂದಿ ಆಟದ ಸ್ಕೋರ್ ಬರ್ದೀನ್ರಿ ಸರ್,” ಎಂದಳು. “ನನಗ ಯಾರೂ ಖೋ ಕೊಟ್ಟಿದ್ದಿಲ್ಲ ನೋಡ್ರಿ.”